ಕಬ್ಬಿಣ ಮುಟ್ಟದ ಐದು ಹುಣ್ಣಿಮೆ

ಭೀಮಕ್ಕನ ಬಾಯಿ ಎಂದರೆ ಸೂಳೆಕೆರೆ ಏರಿಯ ಈ ತುದಿಯಲ್ಲಿ ಬೈದರೆ ಆ ತುದಿಯಲ್ಲಿ ಎಮ್ಮೆಗಳು ಕಿವಿ ನಿಮಿರಿಸುವಂಥ ಬಾಯಿ. ಹಾಲಿಗೆ ನೀರು ಬೆರೆಸಿದವಳನ್ನು ಬಿಟ್ಟವಳಲ್ಲ, ಕೋಳಿ ಕದ್ದವನನ್ನು ಬಿಟ್ಟವಳಲ್ಲ, ಕಂದಾಯಕ್ಕೆ ಬಂದ ಶಾನುಭೋಗರನ್ನೇ ಒಂದು ಸಲ ನಡುಬೀದಿಯಲ್ಲಿ ನಿಲ್ಲಿಸಿ ನ್ಯಾಯ ಕೇಳಿದ್ದಳು. ಇವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ಊರೆಲ್ಲ ನಗುತ್ತಿತ್ತು. ಅಂಥವಳು ಒಂದು ಮಾತನ್ನು ಗಂಡನಿಂದ ಬಚ್ಚಿಟ್ಟಳು. ಹಾಳಾದ್ದು, ಆಡಲೇಬೇಕಾಗಿದ್ದ ಮಾತು ಅದೊಂದೇ ಆಗಿತ್ತು.

ಗಂಡ ಜುಂಜಪ್ಪ ಕೆರೆಯ ನೀರಗಂಟಿ. ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ತಿರುಗಿಸುವುದು ಅವನ ಕೆಲಸ. ಕೋಳಿ ಕೂಗುವ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಿಲ್ಲಬೇಕು. ಚಳಿ ತಡೆಯಲಿ ಎಂದು ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಎಡಗೆನ್ನೆಯೊಳಗೆ ಒತ್ತರಿಸಿಕೊಂಡನೆಂದರೆ ಉಣ್ಣುವಾಗ ಮಾತ್ರ ಉಗುಳುತ್ತಿದ್ದ. ಹದಿನೆಂಟು ವರ್ಷದಿಂದ ಅದೇ ಕೆನ್ನೆ, ಅದೇ ಜಾಗ. ಬಾಯಿ ತುಂಬ ಹೊಗೆಸೊಪ್ಪಿದ್ದವನಿಗೆ ಮಾತು ಕಡಿಮೆ. "ನಿಮ್ಮ ಪಾಲಿನ ಮಾತೂ ನಾನೇ ಆಡ್ತೀನಿ ಬಿಡ್ರಿ, ನೀವು ನೀರು ನೋಡ್ಕಳ್ರಿ" ಎಂದು ಭೀಮಕ್ಕ ರೇಗಿಸಿದರೆ ಅವನು ಗಂಟಲಲ್ಲೇ ನಗುತ್ತಿದ್ದ.

ಆಗ ಜರ್ಮನಿಯವರ ಯುದ್ಧದ ಕಾಲ. ಸೀಮೆಎಣ್ಣೆಗೆ ಚೀಟಿ ಹಿಡಿದು ನಿಲ್ಲಬೇಕಿತ್ತು, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದವು. ಆ ವರ್ಷ ದೀವಳಿಗೆ ಕಳೆದ ಮೇಲೆ ಜುಂಜಪ್ಪನ ಎಡಗೆನ್ನೆಯೊಳಗೆ ಒಂದು ಹುಣ್ಣು ಕಾಣಿಸಿಕೊಂಡಿತು. ಸುಣ್ಣ ಸುಟ್ಟಿರಬೇಕು ಎಂದರು. ಅಲ್ಲ, ಹಲ್ಲಿನ ಹುಳುಕು ಎಂದರು. ಬಸವಾಪಟ್ಟಣದ ಪಂಡಿತರು ಕೊಟ್ಟ ಲೇಪ ಒಂದು ತಿಂಗಳು ಹಚ್ಚಿದ್ದಾಯಿತು. ಹುಣ್ಣು ಮಾಯುವುದಿರಲಿ, ಅಂಚು ಗಟ್ಟಿಯಾಗಿ, ಹೊರಗಿನಿಂದ ಮುಟ್ಟಿದರೂ ಗಂಟು ಕೈಗೆ ಸಿಗುವಂತಾಯಿತು.

ಅತ್ತೆ ಅಜ್ಜಮ್ಮ ದೀಪ ಹಿಡಿದು ಮಗನ ಬಾಯೊಳಗೆ ನೋಡಿದವಳೇ ದೀಪ ಕೆಳಗಿಟ್ಟು ಕೈ ಮುಗಿದಳು.

"ಇದು ಅಮ್ಮನ ಗುಳ್ಳೆ. ಅಮ್ಮ ಬಂದವಳೆ ಮನೆಗೆ."

ಅಮ್ಮ ಬಂದ ಮನೆಯ ಕಟ್ಟಳೆ ಮಕ್ಕಳಿಗೂ ಗೊತ್ತು. ಒಗ್ಗರಣೆ ಸಿಡಿಸಬಾರದು, ರೋಗಿಯ ಮೈಗೆ ಕಬ್ಬಿಣ ಸೋಕಿಸಬಾರದು. ಜುಂಜಪ್ಪನ ಗಡ್ಡ ಬೆಳೆಯತೊಡಗಿತು. ಜಗಳೂರು ಕಡೆಯಿಂದ ಮಂದೆ ಹೊಡೆದುಕೊಂಡು ಬಂದಿದ್ದ ಕುರಿಗಾರನೊಬ್ಬ, ಒಂದು ಬರೆ ಹಾಕಿದರೆ ಗಂಟು ಸುಟ್ಟೇ ಹೋಗುತ್ತದೆ ಎಂದು ಕುಡುಗೋಲು ಕಾಯಿಸಲು ಹೊರಟ. ಅಜ್ಜಮ್ಮ ಪೊರಕೆ ಹಿಡಿದು ಅವನನ್ನು ಬೇಲಿಯಾಚೆ ಅಟ್ಟಿದಳು.

ಬನದ ಹುಣ್ಣಿಮೆ ದಿನ ಅತ್ತೆ ಸೊಸೆ ಇಬ್ಬರೂ ಏರಿ ಮೇಲಿನ ಚೌಡಮ್ಮನ ಗುಡಿಗೆ ಹೋದರು. ಭೀಮಕ್ಕ ಕೆರೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಬಂದು ಕಲ್ಲಿಗೆ ಹಣೆ ಹಚ್ಚಿದಳು. ಹರಕೆ ಹೊತ್ತಳು. ಇನ್ನು ಐದು ಹುಣ್ಣಿಮೆ ಕಳೆಯುವ ತನಕ ಇವರ ಮುಖಕ್ಕೆ ಕಬ್ಬಿಣ ಮುಟ್ಟಿಸಾಕಿಲ್ಲ ತಾಯಿ, ಅಷ್ಟರೊಳಗೆ ವಾಸಿ ಮಾಡಿಕೊಡು ಎಂದಳು. ಇಷ್ಟಕ್ಕೆ ಸುಮ್ಮನಿದ್ದರೆ ಆಗಿತ್ತು. ಎದ್ದವಳು ಮತ್ತೆ ಬಗ್ಗಿ, ತುಟಿ ಕಲ್ಲಿಗೆ ತಾಗಿಸಿ, "ಮಾತು ತಪ್ಪಿ ಕಬ್ಬಿಣ ಮುಟ್ಟಿದ್ರೆ ಅವರ್ನ ಏನೂ ಮಾಡಬ್ಯಾಡ. ಅವರ ಬದಲಿಗೆ ನನ್ನ ತಗಂಡೋಗು" ಎಂದುಬಿಟ್ಟಳು.

ಹರಕೆಯ ಒಳಮಾತು ಆಚೆ ಬಿದ್ದರೆ ಫಲ ಇರುವುದಿಲ್ಲ. ಅದಲ್ಲದೆ, ಗಂಡನಿಗೆ ಗೊತ್ತಾದರೆ ಅವನು ಒಪ್ಪುವ ಪೈಕಿಯೂ ಅಲ್ಲ. ಭೀಮಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಕೇಳಿಸಿಕೊಂಡದ್ದು ಚೌಡಮ್ಮ ಒಬ್ಬಳೇ ಎಂದುಕೊಂಡಿದ್ದಳು.

ಒಂದು ಹುಣ್ಣಿಮೆ ಕಳೆಯಿತು. ಭೀಮಕ್ಕನ ಅಣ್ಣ ದಾಸಪ್ಪ ಸವಳಂಗದಿಂದ ತಂಗಿ ಮನೆಗೆ ಬಂದ. ಭಾವನ ಹತ್ತಿರ ಕೂತು ಎರಡು ಮಾತಾಡುವಷ್ಟರಲ್ಲಿ ಬಾಯಿಯ ವಾಸನೆಗೆ ಅವನ ಮುಖ ಕಪ್ಪಿಟ್ಟಿತು. "ಎಂಥ ಅಮ್ಮನೇ ಇದು? ಕೊಳೀತಾ ಐತೆ! ಕಣ್ಣಿಲ್ವಾ ನಿಮ್ಗೆ?" ಎಂದು ಕೂಗಾಡಿದ. ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರನ್ನೂ ಗಾಡಿಯಲ್ಲಿ ಚನ್ನಗಿರಿಗೆ ಕರೆತಂದು, ಇದ್ದಲು ಬಸ್ಸಿಗೆ ಹತ್ತಿಸಿ, ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರು ವಯಸ್ಸಾದವರು, ಮೈಸೂರು ಕಡೆಯ ಮಾತು. ರಬ್ಬರು ತೊಟ್ಟ ಬೆರಳಿನಿಂದ ಕೆನ್ನೆಯನ್ನು ಒಳಗೂ ಹೊರಗೂ ಒತ್ತಿ ನೋಡಿದರು. ಕತ್ತಿನಲ್ಲಿ ಒಂದು ಸಣ್ಣ ಗಂಟು ಹುಡುಕಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು ಜುಂಜಪ್ಪನಿಗೇ ಹೇಳಿದರು.

"ಇದು ಕ್ಯಾನ್ಸರು. ಅಮ್ಮನೂ ಅಲ್ಲ, ಶಾಪವೂ ಅಲ್ಲ. ಹೊಗೆಸೊಪ್ಪು ಇಟ್ಟ ಜಾಗದಲ್ಲೇ ಹುಟ್ಟಿದೆ, ದವಡೆ ಮೂಳೆಗೆ ಇಳಿಯುತ್ತಾ ಇದೆ. ಕೆನ್ನೆ, ಎಡದವಡೆ, ಕತ್ತಿನ ಗಂಟು ಮೂರನ್ನೂ ಕೊಯ್ದು ತೆಗೀಬೇಕು. ಮುಖ ಒಂದು ಕಡೆ ಕುಸಿಯುತ್ತೆ. ಮುದ್ದೆ, ರೊಟ್ಟಿ ಇನ್ನು ಕನಸು, ಅಂಬಲಿ ಗಂಜಿಯಲ್ಲೇ ಬದುಕಬೇಕು."

"ಕುಯ್ದ್ರೆ ಉಳೀತಾರಾ ಸ್ವಾಮಿ?" ಭೀಮಕ್ಕ ಕೇಳಿದಳು.

"ಸುಳ್ಳು ಹೇಳಲ್ಲಮ್ಮ. ಹತ್ತು ಜನಕ್ಕೆ ಮಾಡಿದರೆ ನಾಲ್ಕು ಜನ ಉಳೀತಾರೆ. ಅದೂ ಈಗ ಮಾಡಿದರೆ."

ದಾಸಪ್ಪ, ಕುಯ್ಯದೆ ಬೇರೆ ದಾರಿ ಇಲ್ಲವೇ ಎಂದ. ಬೊಂಬಾಯಿಯಲ್ಲಿ ರೇಡಿಯಂ ಎಂಬ ವಸ್ತುವಿನ ಸೂಜಿಗಳನ್ನು ಗಂಟಿಗೆ ಚುಚ್ಚಿ ಸುಡುತ್ತಾರೆ, ಆದರೆ ಮೂಳೆ ಹಿಡಿದ ರೋಗಕ್ಕೆ ಅದು ಅಷ್ಟಾಗಿ ಹತ್ತುವುದಿಲ್ಲ ಎಂದರು ಡಾಕ್ಟರು. ಈ ಯುದ್ಧದಲ್ಲಿ ಸಿಪಾಯಿಗಳು ತುಂಬಿದ ರೈಲು ಹತ್ತಿ ಅಲ್ಲಿಗೆ ತಲುಪಿ, ಸರದಿ ಕಾಯುವಷ್ಟರಲ್ಲಿ ಇರುವ ದಿನಗಳೂ ಕೈಬಿಟ್ಟು ಹೋಗುತ್ತವೆ ಎಂದರು. ಏನೂ ಮಾಡದೇ ಇದ್ದರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಅವರೇ ಹೇಳಿದರು: "ಮುಂದಿನ ದೀಪಾವಳಿ ಕಾಣೋದಿಲ್ಲ."

ಹೊರಗೆ ಮೊಗಸಾಲೆಯಲ್ಲಿ ಅದೇ ಕೊಯ್ತ ಆದವನೊಬ್ಬ ಕೂತಿದ್ದ. ಹೊನ್ನಾಳಿಯಲ್ಲಿ ಹರಿಗೋಲು ಹಾಕುವವನಂತೆ. ಅರ್ಧ ಮುಖವೇ ಇರಲಿಲ್ಲ. ಕೊಕ್ಕಿನ ಲೋಟದಿಂದ ಗಂಜಿ ಕುಡಿಯುತ್ತ, ಸೋರಿದ್ದನ್ನು ವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದ. ಕೊಯ್ದು ಮೂರು ವರ್ಷವಾಯಿತು ಎಂದು ಬೆರಳು ತೋರಿಸಿದ. ಈಗಲೂ ಹೊಳೆ ದಾಟಿಸುತ್ತೇನೆ ಎಂದು ಕೈಯಲ್ಲೇ ಹುಟ್ಟು ಹಾಕಿ ತೋರಿಸಿದ. ಜುಂಜಪ್ಪ ಅವನನ್ನೇ ನೋಡುತ್ತ ನಿಂತವನು, ತಿರುಗಿ ಒಳಗೆ ಹೋಗಿ, "ಕುಯ್ರಿ ಸ್ವಾಮಿ. ಮಗಳು ಸಣ್ಣೋಳು, ನಾನು ಬದುಕ್ಬೇಕು" ಎಂದ.

ಹದಿನೈದು ದಿನದೊಳಗೆ ಬಂದು ಸೇರಿಕೊಳ್ಳಿ, ತಡ ಮಾಡಬೇಡಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಭೀಮಕ್ಕನಿಗೆ ಅಳುವೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಐದು ಹುಣ್ಣಿಮೆಯಲ್ಲಿ ಕಳೆದದ್ದು ಒಂದೇ. ಕಬ್ಬಿಣ ಮುಟ್ಟುತ್ತದೆ. ಮುಟ್ಟಿದರೆ ತಾನು ಹೋಗುತ್ತೇನೆ, ಅವರು ಉಳಿಯುತ್ತಾರೆ. ತಾಯಿಗೆ ಹೇಳಿದ್ದೂ ಅದೇ ಅಲ್ಲವೇ? ತಗೊಳ್ಳಲಿ. ಪಕ್ಕದಲ್ಲಿ ತೂಕಡಿಸುತ್ತಿದ್ದ ಗಂಡನ ತಲೆ ತನ್ನ ಹೆಗಲಿಗೆ ವಾಲಿದಾಗ ಮಾತ್ರ ಅವಳಿಗೆ ಒಂದು ಗಳಿಗೆ ಆಸೆಯಾಯಿತು. ಇನ್ನೊಂದಷ್ಟು ವರ್ಷ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮನೆಗೆ ಬಂದವಳು ಮೂರು ದಿನ ಬಿಡುವಿಲ್ಲದೆ ಕೆಲಸ ಮಾಡಿದಳು. ಬಿತ್ತನೆ ಬೀಜ ಯಾವ ಮಡಕೆಯಲ್ಲಿದೆ, ಎಮ್ಮೆ ಯಾವಾಗ ಈಯುತ್ತದೆ ಎಂದೆಲ್ಲ ಅತ್ತೆಗೆ ಒಪ್ಪಿಸಿದಳು. ಐದು ವರ್ಷದ ಮಗಳು ಅಂಜಿನಿಗೆ ತನ್ನ ಜಡೆ ತಾನೇ ಹೆಣೆದುಕೊಳ್ಳಲು ಕಲಿಸಿದಳು. ಮಗುವಿನ ಸಣ್ಣ ಬೆರಳಿಗೆ ಮೂರು ಎಳೆ ಹಿಡಿಯಲು ಬರುತ್ತಿರಲಿಲ್ಲ. ಬಿಚ್ಚಿ ಬಿಚ್ಚಿ ಮತ್ತೆ ಹೆಣೆಸಿದಳು.

ನಾಲ್ಕನೆಯ ದಿನ ಸಂಜೆ ಜುಂಜಪ್ಪ ತೂಬಿನ ಕಡೆಯಿಂದ ಬಂದು ಜಗಲಿ ಮೇಲೆ ಕೂತ.

"ನಾನು ಕುಯ್ಸ್ಕಳಾಕಿಲ್ಲ."

ಭೀಮಕ್ಕ ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಂತಿತು. "ಯಾಕ್ರಿ? ಏನಾತು ಈಗ?"

"ಅರ್ಧ ಮುಖ ಹೊತ್ಕಂಡು ಊರಾಗೆ ಹೆಂಗೆ ತಿರುಗಾಡ್ಲಿ? ಬ್ಯಾಡ. ಮುಂದೆ ನೋಡಾನ."

"ಮುಂದೆ ಅಂದ್ರೆ ಯಾವಾಗ? ಡಾಕ್ಟ್ರು ಏನಂದ್ರು ಕೇಳ್ಲಿಲ್ವಾ?"

"ಕಾರ ಹುಣ್ಣಿಮೆ ಕಳೀಲಿ."

ಅಷ್ಟೇ. ಭೀಮಕ್ಕ ಕಾಲು ಹಿಡಿದಳು, ಅತ್ತಳು, ಅನ್ನ ಬಿಟ್ಟಳು. ದಾಸಪ್ಪ ಬಂದು ಬುದ್ಧಿ ಹೇಳಿದ, ಬೈದ, ಕೊನೆಗೆ ಭಾವನ ಹೆಗಲು ಹಿಡಿದು ಗಾಡಿಗೆ ಎಳೆಯಲು ನೋಡಿದ. ಜುಂಜಪ್ಪ ಕಂಬ ಅಪ್ಪಿಕೊಂಡು ಕೂತ. ಡಾಕ್ಟರು ಹೇಳಿದ ಹದಿನೈದು ದಿನ ಹಾಗೇ ಜಾರಿದವು.

ಭೀಮಕ್ಕನಿಗೆ ಸಿಟ್ಟು ಹತ್ತಿದ್ದು ಆವಾಗ. ನಾನು ಇವರಿಗಾಗಿ ತಲೆ ಒಪ್ಪಿಸಿ ಕೂತಿದ್ದೇನೆ, ಈ ಗಂಡಸಿಗೆ ಮುಖದ ಚೆಂದದ ಚಿಂತೆ! ಹೇಳುವಂತಿಲ್ಲ, ಬಿಡುವಂತಿಲ್ಲ. ಹೇಳಲಾಗದ್ದೆಲ್ಲ ಬೈಗುಳವಾಗಿ ಹೊರಬಂತು. "ಹೇಡಿ! ಕತ್ತಿಗೆ ಹೆದರಿಕಂಡು ಮೂಲೆ ಸೇರೋ ನೀವು ಒಬ್ಬ ಗಂಡ್ಸಾ? ಆ ಹರಿಗೋಲಿನವನ ಕಾಲುಗುರಿಗೆ ಸಮ ಇಲ್ಲ ನೀವು!" ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಜುಂಜಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ಇನ್ನೊಂದು ದಿನ ಅಂದಳು, ಮತ್ತೊಂದು ದಿನವೂ ಅಂದಳು. ಅವನು ಎದುರಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೋಳಿ ಹುಣ್ಣಿಮೆಗೆ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ದವನದ ಹುಣ್ಣಿಮೆಗೆ ಕೆನ್ನೆ ಒಡೆದು ತೂತು ಬಿತ್ತು. ಕುಡಿಸಿದ ಅಂಬಲಿ ಅರ್ಧ ಅಲ್ಲಿಂದಲೇ ಹರಿಯುತ್ತಿತ್ತು. ತೂಬಿನ ಕೆಲಸ ಬೇರೆಯವರ ಪಾಲಾಯಿತು. ವಾಸನೆಗೆ ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಭೀಮಕ್ಕ ಬೈಯುತ್ತಲೇ ತೊಳೆದಳು, ಬೈಯುತ್ತಲೇ ಬಟ್ಟೆ ಕಟ್ಟಿದಳು, ಬೈಯುತ್ತಲೇ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹನಿಹನಿಯಾಗಿ ಕುಡಿಸಿದಳು. ನಾಲಗೆ ಹೊರಳದೆ ಅವನ ಮಾತು ಗೊಗ್ಗರವಾಯಿತು. ಅಜ್ಜಮ್ಮನಿಗೂ ತಿಳಿಯದ ಆ ಮಾತು ಇಡೀ ಊರಿನಲ್ಲಿ ತಿಳಿಯುತ್ತಿದ್ದದ್ದು ಭೀಮಕ್ಕ ಒಬ್ಬಳಿಗೆ.

ಕಾರ ಹುಣ್ಣಿಮೆ ಬಂತು. ಊರಿನ ಎತ್ತುಗಳಿಗೆಲ್ಲ ಬಣ್ಣ ಬಳಿದು ಮೆರೆಸಿದರು. ಮಾರನೆಯ ಬೆಳಿಗ್ಗೆ ಭೀಮಕ್ಕ ಕಸ ಗುಡಿಸುತ್ತಿದ್ದಳು. ಜುಂಜಪ್ಪ ಗೋಡೆ ಹಿಡಿದು ಎದ್ದು, ಹೆಗಲಿಗೆ ಕಂಬಳಿ ಹಾಕಿಕೊಂಡು ನಿಂತಿದ್ದ.

"ನಡಿ. ಶಿವಮೊಗ್ಗಕ್ಕೆ. ಕುಯ್ಸ್ಕಂತೀನಿ."

"ಈಗ ಬುದ್ಧಿ ಬಂತಾ?" ಎಂದು ಕಿರುಚಿದವಳು ಪೊರಕೆ ಎಸೆದು ಅಲ್ಲೇ ಕುಸಿದು ಅತ್ತಳು. ಆದರೂ ಹೊರಟಳು. ಆಸೆ ಎಂಬುದು ಕೆಟ್ಟದ್ದು, ಸಾಯುವವನ ಬಾಗಿಲಲ್ಲೂ ಕೂತಿರುತ್ತದೆ.

ಡಾಕ್ಟರು ಕೆನ್ನೆಗೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಿದರು. ಕತ್ತಿನ ಗಂಟು ನಿಂಬೆಹಣ್ಣಿನಷ್ಟಾಗಿ ಕಲ್ಲಿನ ಹಾಗೆ ಕೂತಿತ್ತು. ಅವರು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, "ಈಗ ಕತ್ತಿ ಹಾಕುವ ಜಾಗ ಇಲ್ಲಮ್ಮ. ರಕ್ತನಾಳಕ್ಕೆ ಸುತ್ತಿಕೊಂಡಿದೆ. ಕೊಯ್ದರೆ ಮೇಜಿನ ಮೇಲೇ ಹೋಗ್ತಾರೆ" ಎಂದರು. ನೋವಿಗೆ ಅಫೀಮಿನ ಸತ್ವದ ಹನಿ ಔಷಧಿ ಕೊಟ್ಟರು. ಎಷ್ಟು ಹನಿ, ಎಷ್ಟು ಹೊತ್ತಿಗೆ ಎಂದು ಎರಡೆರಡು ಸಲ ಹೇಳಿಸಿದರು. ಭೀಮಕ್ಕ ಬಾಗಿಲ ತನಕ ಹೋದವಳು ವಾಪಸು ಬಂದು ಕೇಳಿದಳು: "ಅವತ್ತು ಕುಯ್ದಿದ್ರೆ?"

"ಅವತ್ತಿನ ಮಾತು ಬಿಡಮ್ಮ" ಎಂದು ಡಾಕ್ಟರು ಕನ್ನಡಕ ಒರೆಸತೊಡಗಿದರು.

ಊರಿಗೆ ಬಂದು ಮಲಗಿಸಿ, ಭೀಮಕ್ಕ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. "ಹೆದರುಪುಕ್ಕ, ಹೆದರಿ ಹೆದರಿ ಜೀವ ಕಳಕಂಡ್ರಲ್ಲ" ಎಂದು ತನ್ನಷ್ಟಕ್ಕೆ ಅಂದದ್ದು ಅಜ್ಜಮ್ಮನ ಕಿವಿಗೆ ಬಿತ್ತು. ಮುದುಕಿ ಬಂದು ಸೊಸೆಯ ಕಾಲ ಬಳಿ ನೆಲಕ್ಕೆ ಕೂತಳು.

"ಅನ್ನಬ್ಯಾಡ ಕಣೇ ಹಂಗೆ. ಅವನು ಹೆದರಿದ್ದು ಕತ್ತಿಗಲ್ಲ."

"ಮತ್ತೆ?"

"ನೀನು ತಾಯಿ ಮುಂದೆ ಅಂದಿದ್ದು ನಂಗೆ ಕೇಳಿಸಿತ್ತು, ನಾನು ಹಿಂದೇನೇ ಕಾಯಿ ಹಿಡ್ಕಂಡು ನಿಂತಿದ್ದೆ. ನೀವು ಆಸ್ಪತ್ರೆಯಿಂದ ಬಂದ ನಾಕನೇ ದಿನ ತೂಬಿನ ತಾವ ಹೋಗಿ ಅವನಿಗೆ ಹೇಳಿಬಿಟ್ಟೆ. ನಿನ್ನ ಹೆಂಡ್ತಿ ತನ್ನ ತಲೆ ಒಪ್ಸವಳೆ, ನೀನು ಯೋಚ್ನೆ ಮಾಡದೆ ಕುಯ್ಸ್ಕ ಅಂದೆ." ಅಜ್ಜಮ್ಮ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. "ಹೆತ್ತ ಕರುಳು ಕಣೇ. ಹೆಂಡ್ತಿ ಇನ್ನೊಬ್ಳು ಸಿಗ್ತಾಳೆ, ಮಗ ಸಿಗಾಕಿಲ್ಲ ಅಂತ ನನ್ನ ಪಾಪಿ ಬುದ್ಧಿ. ಅವನು ಕುಯ್ಸ್ಕಳಾದೇ ಬ್ಯಾಡ ಅಂದ. ಕಾರ ಹುಣ್ಣಿಮೆಗೆ ಐದೂ ಮುಗೀತವೆ, ಅದು ಕಳೀಲಿ, ಅವಳು ಬಿಡುಗಡೆ ಆಗ್ಲಿ ಅಂದ. ನಿಂಗೆ ಹೇಳಿದ್ರೆ ನನ್ನ ಹೆಣ ನೋಡ್ತೀಯ ಅಂತ ಆಣೆ ಹಾಕಿಸ್ಕಂಡ."

ಭೀಮಕ್ಕ ಅತ್ತೆಯನ್ನು ಬೈಯಲಿಲ್ಲ. ಎದ್ದು ಜಗಲಿಗೆ ಹೋದಳು. ಜುಂಜಪ್ಪ ಹನಿ ಔಷಧಿಯ ಮಂಪರಿನಲ್ಲಿ ಅರೆಗಣ್ಣು ಬಿಟ್ಟುಕೊಂಡು ಮಲಗಿದ್ದ. ಅವನ ಪಾದ ಹಿಡಿದು, "ಯಾಕ್ರಿ ನಂಗೆ ಹೇಳ್ಲಿಲ್ಲ? ಒಂದು ಮಾತು, ಒಂದೇ ಒಂದು ಮಾತು ಹೇಳಾಕೆ ಏನಾಗಿತ್ತು ನಿಮ್ಗೆ?" ಎಂದಳು.

ಅವನು ಕಷ್ಟಪಟ್ಟು ಕೇಳಿದ: "ನೀನು ಹೇಳಿದ್ಯಾ?"

ಭೀಮಕ್ಕ ಅವನ ಪಾದಕ್ಕೆ ಹಣೆ ಹಚ್ಚಿದಳು.

ಮಾರನೆಯ ದಿನ ಏರಿ ಹತ್ತಿ ಚೌಡಮ್ಮನ ಗುಡಿಗೆ ಹೋದಳು. ಪೂಜಾರಿ ಮಾರಪ್ಪ ಅಂಗಳ ಸಾರಿಸುತ್ತಿದ್ದ. ಭೀಮಕ್ಕ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಈಗಲೂ ತಾಯಿ ಬೇಕಾದರೆ ನನ್ನ ತಗೊಳ್ಳಲಿ, ಅವರನ್ನು ಬಿಡಲಿ, ಅದಕ್ಕೇನು ಶಾಸ್ತ್ರ ಮಾಡಬೇಕು ಹೇಳು ಮಾರಣ್ಣ ಎಂದು ಕೈ ಮುಗಿದಳು.

ಮಾರಪ್ಪ ಸಗಣಿ ನೀರಿನ ಚೆಂಬು ಕೆಳಗಿಟ್ಟ.

"ತಲೆ ಒಪ್ಸಿದ್ಯಾ? ಅಯ್ಯೋ ನನ್ನವ್ವಾ, ಅದನ್ನ ಅವತ್ತೇ ಬಂದು ಅಂದಿದ್ರೆ ಆಗ್ತಿತ್ತಲ್ಲ! ಹರಕೆ ಮುರೀಬೇಕಾಗಿ ಬಂದ್ರೆ ತಪ್ಪುಕಾಣಿಕೆ ಐತೆ. ತಲೆ ಬದಲಿಗೆ ಒಂದು ಬೂದುಗುಂಬಳ ತಂದು ಒಡೀತಾರೆ, ತಾಯಿ ಬಲಗಡೆ ಹೂ ಕೊಡ್ತಾಳೆ, ಮುಗೀತು. ವರ್ಷಕ್ಕೆ ಮೂರು ನಾಕು ಜನ ಬರ್ತಾರೆ."

"ಬೂದುಗುಂಬಳ?"

"ಹೂಂ ಕಣವ್ವ. ಹೇಳ್ಕಂಡು ತಿರುಗಾಡೋ ವಿಷ್ಯ ಅಲ್ಲ, ಬಂದು ಕೇಳ್ದೋರಿಗೆ ಹೇಳ್ತೀವಿ. ತಾಯಿ ಅಂದ್ಮೇಲೆ ತಾಯಿ ಅಲ್ವಾ? ಯಾರ ಹೊಟ್ಟೇಲಿ ಹುಟ್ಟಿದ ಮಕ್ಕಳ ತಲೆ ಅವಳು ಕೇಳ್ತಾಳೆ?"

ಸವಳಂಗದ ಅವಳ ತವರು ದೇವರಿಗೆ ಕೊಟ್ಟ ಮಾತು ಕೊಟ್ಟದ್ದೇ, ಅಲ್ಲಿ ಇಂಥ ಬದಲಿ ಇರಲಿಲ್ಲ. ಇಲ್ಲಿ ಇರಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ, ಜುಂಜಪ್ಪನಿಗೂ ಹೊಳೆದಿರಲಿಲ್ಲ. ಅವರ ಹಿತ್ತಲಿನ ಬೂದುಗುಂಬಳದ ಬಳ್ಳಿಯಲ್ಲಿ ಆ ವರ್ಷ ಒಂಬತ್ತು ಕಾಯಿ ಬಿಟ್ಟಿದ್ದವು. ನಾಲ್ಕನ್ನು ನೆರೆಯವರಿಗೆ ಸುಮ್ಮನೆ ಹಂಚಿದ್ದಳು.

ಅವಳು ಏರಿ ಇಳಿದು ಮನೆಗೆ ಬಂದಳು. ಜುಂಜಪ್ಪ ಎಚ್ಚರವಾಗಿದ್ದ. ಅಂಜಿನಿ ಅವನ ಪಕ್ಕ ಕೂತು ವಕ್ರವಾಗಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕಣ್ಣಲ್ಲೇ ಕೇಳಿದ.

"ಚೌಡಮ್ಮನ ತಾವ."

"ಪೂಜಾರಿ ಏನಂದ?"

ಭೀಮಕ್ಕ ಗಂಡನ ಮುಖ ನೋಡಿದಳು. ಕಟ್ಟಿದ ಬಟ್ಟೆಯ ಮೇಲೆ ಎರಡು ಕಣ್ಣು ಕಾಯುತ್ತಿದ್ದವು. ನಿಜ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಇನ್ನು ಒಂದನ್ನೂ ಬಚ್ಚಿಡಬಾರದು ಎಂದು ತನಗೆ ತಾನೇ ಆಣೆ ಇಟ್ಟುಕೊಂಡಿದ್ದಳು.

"ತಾಯಿ ನನ್ನ ಬಿಡ್ತಾನೇ ಇರಲಿಲ್ಲವಂತೆ ಕಣ್ರಿ. ನೀವು ಕುಯ್ಸ್ಕಂಡಿದ್ರೆ ಮುಂದಿನ ಹುಣ್ಣಿಮೆಗೇ ನನ್ನ ತಗಂಡೋಗ್ತಿದ್ಲಂತೆ. ನೀವು ಮಾಡಿದ್ದೇ ಸರಿ ಅಂದ ಮಾರಣ್ಣ. ನೀವು ನನ್ನ ಉಳಿಸ್ಕಂಡ್ರಿ."

ಜುಂಜಪ್ಪನ ಗಂಟಲಲ್ಲಿ ಆ ಹಳೆಯ ನಗು ಬಂತು. "ನಂಗೊತ್ತಿತ್ತು" ಎಂದ. ಎರಡು ದಿನದಿಂದ ಏನೂ ಮುಟ್ಟದವನು ಅಂಬಲಿ ಕೇಳಿ ಕುಡಿದ.

ಅದಾದ ಮೇಲೆ ಹನ್ನೊಂದು ದಿನ ಇದ್ದ. ಕೊನೆಯ ಸಲ ನೋಡಲು ನೆಂಟರು, ಗದ್ದೆಯವರು, ಕೋಪ ಮಾಡಿಕೊಂಡು ಹೋಗಿದ್ದ ದಾಸಪ್ಪ, ಎಲ್ಲರೂ ಬಂದರು. ಬಂದವರಿಗೆಲ್ಲ ಜುಂಜಪ್ಪ ಕೈ ಎತ್ತಿ ಹೆಂಡತಿಯನ್ನು ತೋರಿಸಿ ಏನೋ ಹೇಳುತ್ತಿದ್ದ. ಅವರಿಗೆ ಅದು ಬರೀ ಗೊರಗೊರ. ಏನಂತಾನವ್ವ ಎಂದು ಅವರು ಭೀಮಕ್ಕನ ಕಡೆ ತಿರುಗುತ್ತಿದ್ದರು. ಅವಳೇ ಬಿಡಿಸಿ ಹೇಳಬೇಕಾಗಿತ್ತು.

"ಇವಳ್ನ ನಾನು ಉಳಿಸ್ಕಂಡೆ ಅಂತಾರೆ" ಎಂದು ಭೀಮಕ್ಕ ಒಬ್ಬೊಬ್ಬರಿಗೂ ಹೇಳಿದಳು.